ಹದಿನಾರಕ್ಕೆ ಒಂದು ಕಡಿಮೆ

ರೀಗಾದ ಹಳೇ ಸಾಮಾನಿನ ಸಂತೆಯಲ್ಲಿ
ಬೂಟುಗಳಿಗೂ ಸಮೋವಾರಿಗೂ ನಡುವೆ ಸಿಕ್ಕಿತು.
ಕಪ್ಪು ಪೆಟ್ಟಿಗೆ, ಸಾಲಾಗಿ ಹದಿನಾರು ಗುಂಡಿ,
ಒಂದರ ಮೇಲಿನ ಅಂಕಿ ಯಾರದೋ ಬೆರಳಿಗೆ ಸವೆದಿದೆ.
"ಸದ್ದು ಬರುತ್ತದಾ?" ಅಂದೆ.
"ಕರೆಂಟು ಕೊಟ್ಟರೆ ಯಾವುದಕ್ಕೆ ಬರಲ್ಲ" ಅಂದ.
ನಲವತ್ತು ಯೂರೋ ಅಂದದ್ದು ಮೂವತ್ತೈದಕ್ಕೆ, ಅಡಾಪ್ಟರು ಬಿಟ್ಟಿ.

ನಾನು ಟ್ರಾಮ್ ಡಿಪೋದವಳು. ರಾತ್ರಿ ಪಾಳಿ.
ಹನ್ನೊಂದನೇ ನಂಬರು ಮೆಜಾಪಾರ್ಕಿಗೆ ಹೋಗಿ ಸುತ್ತು ಹಾಕಿ
ಹೋದ ದಾರಿಯಲ್ಲೇ ಬರುತ್ತದೆ; ಸುತ್ತುವುದು ನನಗೆ ಹೊಸದಲ್ಲ.
ಚಕ್ರ ಎಲ್ಲಾದರೂ ಚಪ್ಪಟೆಯಾಗಿದ್ದರೆ
ಕಿವಿಯಲ್ಲೇ ಹೇಳಬಲ್ಲೆ: ಟಕ್, ಟಕ್, ಒಂದೇ ಅಂತರ.

ಮನೆಗೆ ತಂದು ಹಚ್ಚಿದರೆ
ಒಳಗೆ ಆಗಲೇ ಯಾರೋ ಇದ್ದರು.
ಎರಡನೇ ಕಪಾಟು, ಏಳನೇ ಗೂಡು:
ಡ್ರಮ್ಮಿಗೆ ಹದಿನಾರು ಹೆಜ್ಜೆ, ಬೇಸಿಗೆ ಹದಿನೈದು.
ಮೊದಲ ಸುತ್ತಿಗೆ ಜೊತೆಗೇ ಹೊರಟವು,
ಎರಡನೆಯದಕ್ಕೆ ಬೇಸು ಒಂದು ಹೆಜ್ಜೆ ಮುಂದೆ,
ಮೂರನೆಯದಕ್ಕೆ ಎರಡು;
ಜಗಳವಾಡಿದ ಗಂಡಹೆಂಡಿರು ಪೇಟೆಯಲ್ಲಿ ನಡೆದ ಹಾಗೆ
ಒಬ್ಬರು ಮುಂದೆ, ಒಬ್ಬರು ಹಿಂದೆ, ಮನೆ ಒಂದೇ.
ಎಣಿಸಿದೆ. ಒಲೆಯ ಮೇಲೆ ಹಾಲು ಉಕ್ಕಿತು. ಎಣಿಸಿದೆ.
ಇನ್ನೂರ ನಲವತ್ತು ಮುಗಿದು ಇನ್ನೊಂದಕ್ಕೆ
ಎರಡೂ ಸಮದ ಮೇಲೆ ಒಟ್ಟಿಗೆ ಕಾಲಿಟ್ಟವು.
ನಾನು ಕುರ್ಚಿಯಿಂದ ಎದ್ದು ನಿಂತಿದ್ದೆ, ಯಾಕೋ.

ಅಂದಿನಿಂದ ಬೆಳಗಿನ ಜಾವ ಹೆಡ್‌ಫೋನು ಹಾಕಿಕೊಂಡು
ಅದಕ್ಕೆ ಜೊತೆ ಹುಡುಕಿದೆ. ನನ್ನವು ಮೂರು ಪ್ಯಾಟರ್ನು:
ಒಂದು ಬರೀ ಹೈಹ್ಯಾಟು, ಒಂದರಲ್ಲಿ ಚಪ್ಪಾಳೆ,
ಒಂದು ಸುಮ್ಮನಿರಲಿಕ್ಕೆ.
ಅದು ನಾಲ್ಕು ಸಲ, ನನ್ನದು ಎರಡು, ಮತ್ತೆ ಅದು.
ಹೇಗೆ ಪೋಣಿಸಿದರೂ ನನ್ನದು ಬಂದಾಗ
ನೆಂಟರ ಮನೆಯಲ್ಲಿ ಜೋರಾಗಿ ಮಾತಾಡಿದ ಹಾಗೆ.
ಚಪ್ಪಾಳೆ ತೆಗೆದೆ. ಹೈಹ್ಯಾಟಿನಲ್ಲಿ ಮೂರು ಏಟು ಉಳಿಯಿತು.
ಸುಮ್ಮನಿರುವುದೊಂದು ಒಗ್ಗಿತು.

ಫೆಬ್ರವರಿಯಲ್ಲಿ ಪರದೆಯ ಮೇಲೆ ಮಿಣುಕಿತು: ಬ್ಯಾಟರಿ ಕ್ಷೀಣ.
ಒಳಗಿನ ಬಿಲ್ಲೆ ಸತ್ತರೆ ನೆನಪೂ ಹೋಗುತ್ತದೆ,
ಬದಲಿಸಿದರೂ ಹೋಗುತ್ತದೆ, ಅಂದ ರಿಪೇರಿಯ ಇಮಾಂಟ್ಸ್,
ಕೈಯಲ್ಲಿ ಬೆಸುಗೆ ಕಡ್ಡಿ, ಬಾಯಲ್ಲಿ ಸ್ಕ್ರೂ.
"ಬರೆದುಕೊಂಡು ಬಾ."

ಮಗಳ ಗಣಿತದ ಚೌಕಳಿ ಪುಸ್ತಕ ತಗೊಂಡೆ.
ಹೊಡೆತಕ್ಕೆ ಕತ್ತರಿ ಗುರುತು, ಇಲ್ಲದ್ದಕ್ಕೆ ಚುಕ್ಕಿ.
ಸ್ವರಕ್ಕೊಂದು ಸಾಲು, ಜೋರಿಗೊಂದು, ಉದ್ದಕ್ಕೊಂದು.
ಬೇಸಿನ ಹದಿನಾರನೇ ಮನೆಗೆ
ಅಡ್ಡಗೆರೆ ಎಳೆದೆ, ಬಾಗಿಲು ಹಾಕಿದಂತೆ.
ಬೇಕೆಂದೇ ಬಿಟ್ಟದ್ದೋ,
ಗುಂಡಿ ತಪ್ಪಿ ಒತ್ತಿ ಆಮೇಲೆ ಇಷ್ಟವಾದದ್ದೋ?
ಹೆಸರಿಡುವ ಕಡೆ ಜಾಗ ಇದ್ದಷ್ಟಕ್ಕೆ ಬರೆದಿತ್ತು: ರೀತ್.
ನಮ್ಮಲ್ಲಿ ಹಾಗೆಂದರೆ ನಾಳೆ.
ಇಲ್ಲವೇ ರೀತಾ ಎಂಬವಳು ಜಾಗ ಸಾಲದೆ ನಿಂತದ್ದು.

ಹೊಸ ಬಿಲ್ಲೆ ಬಂತು. ಗೂಡುಗಳೆಲ್ಲ ಖಾಲಿ.
ಚುಕ್ಕಿಗೆ ಚುಕ್ಕಿ, ಗುರುತಿಗೆ ಗುರುತು ಮತ್ತೆ ತುಂಬಿ
ಒತ್ತಿದೆ. ಎಲ್ಲವೂ ಇತ್ತು.
ಅದಿರಲಿಲ್ಲ.

ಏಳನೇ ಹೊಡೆತವನ್ನು ಆ ಕೈ
ಕೂದಲೆಳೆಯಷ್ಟು ತಡವಾಗಿ ಇಟ್ಟಿತ್ತು;
ಅದಕ್ಕೆ ಚೌಕದಲ್ಲಿ ಗುರುತಿಲ್ಲ.
ಎಷ್ಟು ತಡ? ಮೂರು ರಾತ್ರಿ ಹುಡುಕಿದೆ.
ಒಮ್ಮೆ ಹತ್ತಿರ ಬಂತು, ಅಷ್ಟರಲ್ಲಿ ಡಿಪೋದಿಂದ ಫೋನು.

ಹಿಮದಲ್ಲಿ ಹನ್ನೊಂದನೆಯದು ಕುಂಟುತ್ತ ಒಳಬಂತು.
ಬ್ರೇಕು ಹಿಡಿದು ಜಾರಿ ಚಕ್ರ ಒಂದು ಕಡೆ ಚಪ್ಪಟೆ.
ಕೊರೆದು ದುಂಡಗೆ ಮಾಡುವುದು ನನ್ನ ಕೆಲಸ.
ಲೇತಿಗೆ ಏರಿಸುವ ಮುಂಚೆ
ಅಂಗಳದಲ್ಲಿ ಒಂದು ಸುತ್ತು ಓಡಿಸು ಅಂದೆ.
ಚಾಲಕಿ ಸರ್ಮೀತೆ ಹುಬ್ಬೇರಿಸಿದಳು, ಓಡಿಸಿದಳು.
ಹಳಿಯ ಪಕ್ಕ ಮಂಡಿಯೂರಿ ಕೂತೆ,
ಜೇಬಿನಲ್ಲಿ ಚೌಕಳಿ ಪುಸ್ತಕ, ಮೊಂಡು ಪೆನ್ಸಿಲು.
"ಸಾಕಾ, ವೆಲ್ಗಾ? ಚಳಿ."
"ಇನ್ನೊಂದು ಸುತ್ತು" ಅಂದೆ.